ಮೊದಲು ಮನೆ ಖಾಲಿಯಾಗಲಿ

ಕಳೆದ ವರ್ಷ ಮಳೆಗಾಲ ಹಿಡಿಯುವ ಮುಂಚೆ ನಮ್ಮ ಅಜ್ಜನ ಮನೆ ಮಾರಾಟವಾಯಿತು. ತೀರ್ಥಹಳ್ಳಿ ಕಡೆಯ ಹೆಂಚಿನ ಮನೆ. ಅಜ್ಜ ತೀರಿಕೊಂಡ ಮೇಲೆ ಎರಡು ವರ್ಷ ಬೀಗ ಹಾಕಿಟ್ಟು, ಇನ್ನು ನೋಡಿಕೊಳ್ಳಲು ಆಗದು ಎಂದು ದೊಡ್ಡಪ್ಪ, ಅಪ್ಪ, ಅತ್ತೆ ಮೂವರೂ ಒಪ್ಪಿದ್ದರು. ಕೊಂಡವರು ಒಂದು ವಾರದ ಗಡುವು ಕೊಟ್ಟಿದ್ದರು. ಭಾನುವಾರ ಗುಜರಿಯವನ ಲಾರಿ ಬರುವುದೆಂದು ನಿಶ್ಚಯವಾಗಿತ್ತು. ಅಷ್ಟರೊಳಗೆ ಬೇಕಾದ್ದನ್ನು ತೆಗೆದಿಟ್ಟುಕೊಳ್ಳಬೇಕು. ಮನೆಯಲ್ಲಿ ಇಂಟೀರಿಯರ್ ಡಿಸೈನ್ ಡಿಪ್ಲೊಮಾ ಓದಿದವಳು ನಾನೊಬ್ಬಳೇ. ಹಾಗಾಗಿ ಆರಿಸುವ ಕೆಲಸವನ್ನು ದೊಡ್ಡಪ್ಪ ನನ್ನ ತಲೆಗೇ ಕಟ್ಟಿದರು.

ನೋಟ್‌ಬುಕ್ ಹಿಡಿದು ಕೋಣೆ ಕೋಣೆ ಸುತ್ತಿದೆ. ಬೀಟೆಮರದ ಮಂಚ, ಅಜ್ಜನ ಆರಾಮಕುರ್ಚಿ, ಹಿತ್ತಾಳೆಯ ಹಂಡೆ, ಗೋಡೆ ಗಡಿಯಾರ, ಅಡಿಕೆ ಲೆಕ್ಕ ಬರೆಯುತ್ತಿದ್ದ ಮೇಜು, ದೊಡ್ಡ ಮರದ ಪೆಟ್ಟಿಗೆ, ಚೌಕಟ್ಟಿನ ಕನ್ನಡಿ, ಚೆನ್ನೆಮಣೆ, ಕಡೆಗೋಲು. ನೂರು ವರ್ಷ ದಾಟಿದ್ದನ್ನು ಆಂಟಿಕ್ ಎಂದೂ, ಅಷ್ಟು ಹಳತಲ್ಲದಿದ್ದರೂ ತನ್ನ ಕಾಲದ ಗುರುತು ಉಳಿಸಿಕೊಂಡಿದ್ದನ್ನು ವಿಂಟೇಜ್ ಎಂದೂ ಕ್ಲಾಸಿನಲ್ಲಿ ಕಲಿಸಿದ್ದರು. ಅದರಂತೆ ಎರಡು ಕಾಲಂ ಎಳೆದು ಬರೆದುಕೊಂಡೆ. ಸಂಜೆಯ ಹೊತ್ತಿಗೆ ಪಟ್ಟಿಯಲ್ಲಿ 43 ಸಾಮಾನುಗಳಿದ್ದವು. ಬಿಡುವುದು ಯಾವುದನ್ನು ಎಂದು ಅಪ್ಪ ಕೇಳಿದರು. ಯಾವುದನ್ನೂ ಇಲ್ಲ ಎಂದೆ. ನಮ್ಮದು ಶಿವಮೊಗ್ಗದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅಪ್ಪ ನಗಲಿಲ್ಲ, ಬೈಯಲೂ ಇಲ್ಲ. ಹಾಗಾದರೆ ನಾವು ಮಲಗುವುದೆಲ್ಲಿ ಎಂದು ಮಾತ್ರ ಕೇಳಿದರು.

ಅದಕ್ಕೂ ಹದಿನೈದು ದಿನ ಮೊದಲು ಬೆಂಗಳೂರಿನ ಒಂದು ಕಚೇರಿಯ ಇಂಟರ್‌ವ್ಯೂನಲ್ಲೂ ಹೆಚ್ಚುಕಡಿಮೆ ಇದೇ ಪ್ರಶ್ನೆಗೆ ತಡವರಿಸಿದ್ದೆ. ಗ್ರಾಹಕರೊಬ್ಬರು ಊರ ಮನೆಯ ಹಳೆಯ ಸಾಮಾನನ್ನೆಲ್ಲ ಹೊಸ ಫ್ಲ್ಯಾಟಿಗೆ ತಂದು ಸುರಿದರೆ ಏನು ಮಾಡುತ್ತೀರಿ ಎಂದು ಕೇಳಿದ್ದರು. ಪರಂಪರೆ, ಭಾವನೆ ಎಂದು ಏನೇನೋ ಹೇಳಿ ಎದ್ದು ಬಂದಿದ್ದೆ. ಕೆಲಸ ಸಿಗಲಿಲ್ಲ. ಅದು ನನ್ನ ನಾಲ್ಕನೇ ಇಂಟರ್‌ವ್ಯೂ.

ಆ ರಾತ್ರಿ ಅಜ್ಜನ ಮನೆಯ ಜಗಲಿಯಲ್ಲಿ ನಿದ್ದೆ ಬರದೆ ಹೊರಳಾಡುವಾಗ ನೆನಪಾದವಳು ಎಲ್ಸಿ ಡಿ ವುಲ್ಫ್. ಅಮೆರಿಕದ ಮೊದಲ ವೃತ್ತಿಪರ ಒಳಾಂಗಣ ವಿನ್ಯಾಸಕಿ ಎಂದು ಮೊದಲ ಸೆಮಿಸ್ಟರ್‌ನಲ್ಲಿ ಐದು ಅಂಕಕ್ಕಾಗಿ ಉರುಹೊಡೆದ ಹೆಸರು. ಆಕೆಯ ಬದುಕನ್ನು ಸರಿಯಾಗಿ ಓದಿದ್ದು ಮಾತ್ರ ಕೆಲಸ ಸಿಗದೆ ಮನೆಯಲ್ಲಿ ಕೂತ ಮೇಲೆ. ಓದುತ್ತ ಹೋದಂತೆ, ಹಳೆಯ ವಸ್ತುಗಳನ್ನು ಮನೆಗೆ ತರುವುದರಲ್ಲಿ ಹೆಸರು ಮಾಡಿದ ಈಕೆ ತನ್ನ ಕೆಲಸ ಶುರು ಮಾಡಿದ್ದೇ ಮನೆಯಿಂದ ಸಾಮಾನು ಹೊರಹಾಕುವುದರಿಂದ ಎಂಬುದು ಗೊತ್ತಾಗಿತ್ತು.

ಎಲ್ಸಿ ಹುಟ್ಟಿದ್ದು 1859ರ ಡಿಸೆಂಬರ್ 20ರಂದು, ನ್ಯೂಯಾರ್ಕಿನಲ್ಲಿ. ಮುಂದೆ ಆಕೆ 1865 ಎಂದು ಹೇಳಿಕೊಳ್ಳುತ್ತಿದ್ದಳು. ಕುರ್ಚಿಯ ಕಾಲು ನೋಡಿ ಅದರ ಕಾಲ ಹೇಳಬಲ್ಲವಳು ತನ್ನ ವಯಸ್ಸಿನಲ್ಲಿ ಮಾತ್ರ ಆರು ವರ್ಷ ಕದ್ದಳು! ತಂದೆ ಕೆನಡಾ ಮೂಲದ ವೈದ್ಯ. ತಾಯಿಯ ಕಡೆಯವರು ಸ್ಕಾಟ್ಲೆಂಡಿನವರು. ಬಾಲ್ಯದಲ್ಲಿ ಚೆಲುವೆಯಲ್ಲ ಎನ್ನಿಸಿಕೊಂಡೇ ಬೆಳೆದವಳು. ಆ ನೋವು ಆಕೆಯ ಕಣ್ಣನ್ನು ಚುರುಕು ಮಾಡಿತೋ ಏನೋ, ಸುತ್ತಲಿನ ಕುರೂಪವನ್ನು ಆಕೆ ಸಹಿಸುತ್ತಿರಲಿಲ್ಲ. ಒಂದು ದಿನ ಶಾಲೆಯಿಂದ ಬಂದು ನೋಡುತ್ತಾಳೆ, ನಡುಮನೆಯ ಗೋಡೆಗೆಲ್ಲ ಗಾಢ ಬಣ್ಣದ ಹೊಸ ವಾಲ್‌ಪೇಪರ್ ಅಂಟಿಸಿದ್ದಾರೆ. ಅದನ್ನು ನೋಡಲಾಗದೆ ನೆಲಕ್ಕೆ ಬಿದ್ದು ಕೈಕಾಲು ಬಡಿದು ಅತ್ತಳಂತೆ. 1935ರಲ್ಲಿ ಬಂದ ಆತ್ಮಕತೆಯಲ್ಲಿ ಆಕೆಯೇ ಈ ಪ್ರಸಂಗ ಬರೆದುಕೊಂಡಿದ್ದಾಳೆ.

ಹದಿಹರೆಯದಲ್ಲಿ ಸ್ಕಾಟ್ಲೆಂಡಿನ ಬಂಧುಗಳ ಮನೆಗೆ ಹೋದಳು. ಅವರ ಪರಿಚಯದಿಂದ 1880ರ ದಶಕದಲ್ಲಿ ವಿಕ್ಟೋರಿಯಾ ರಾಣಿಯ ಆಸ್ಥಾನಕ್ಕೂ ಪ್ರವೇಶ ಸಿಕ್ಕಿತು. ವಾಪಸ್ ಬಂದು ಸಿರಿವಂತರ ಹವ್ಯಾಸಿ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದಳು. 1890ರಲ್ಲಿ ತಂದೆ ತೀರಿಕೊಂಡಾಗ ಮನೆಯ ನಿಜಸ್ಥಿತಿ ಬಯಲಾಯಿತು. ಇದ್ದದ್ದು ಆಸ್ತಿಯಲ್ಲ, ಸಾಲ. ಆಗ ಹೊಟ್ಟೆಪಾಡಿಗಾಗಿ ವೃತ್ತಿರಂಗಭೂಮಿಗೆ ಇಳಿದಳು. ಒಳ್ಳೆಯ ಮನೆತನದ ಹೆಣ್ಣುಮಗಳು ಸಂಬಳಕ್ಕೆ ನಟಿಸುವುದನ್ನು ಆಗಿನ ನ್ಯೂಯಾರ್ಕ್ ಮೆಚ್ಚುತ್ತಿರಲಿಲ್ಲ.

ಸುಮಾರು 14 ವರ್ಷ ರಂಗದ ಮೇಲಿದ್ದರೂ ನಟಿಯಾಗಿ ಎಲ್ಸಿ ಎತ್ತರಕ್ಕೇರಲಿಲ್ಲ. ವಿಮರ್ಶಕರು ಅಭಿನಯಕ್ಕಿಂತ ಆಕೆ ಪ್ಯಾರಿಸಿನಿಂದ ತರಿಸಿಕೊಂಡ ಉಡುಪುಗಳನ್ನೇ ಹೆಚ್ಚು ಹೊಗಳುತ್ತಿದ್ದರು. ಹೆಂಗಸರು ಆಕೆಯ ಪೋಷಾಕು ನೋಡಲೆಂದೇ ಟಿಕೆಟ್ ಕೊಳ್ಳುತ್ತಿದ್ದರು. ಬೇರೆಯವರಾಗಿದ್ದರೆ ಇದನ್ನು ಅವಮಾನವೆಂದುಕೊಂಡು ಕೊರಗುತ್ತಿದ್ದರು. ಎಲ್ಸಿ ಅದರಲ್ಲಿ ತನ್ನ ಬಲ ಯಾವುದೆಂದು ಕಂಡುಕೊಂಡಳು. ತನಗೆ ಬರುವುದು ಆರಿಸುವ ಕಲೆ. ಬಣ್ಣ, ಬಟ್ಟೆ, ಬೆಳಕು, ಯಾವುದರ ಪಕ್ಕ ಯಾವುದು ಇರಬೇಕು ಎಂಬುದು. ನಾಲ್ಕು ಇಂಟರ್‌ವ್ಯೂ ಸೋತವಳಿಗೆ ಈ ಭಾಗ ಓದುವಾಗ ಸಮಾಧಾನವಾಗಿತ್ತು ಎಂದು ಬೇರೆ ಹೇಳಬೇಕಿಲ್ಲ.

ಆಕೆಯ ಬದುಕಿನ ದೊಡ್ಡ ಆಸರೆ ಎಲಿಜಬೆತ್ ಮಾರ್ಬರಿ. ನಾಟಕಕಾರರ ಪರವಾಗಿ ಒಪ್ಪಂದ ಕುದುರಿಸುತ್ತಿದ್ದ ಹೆಸರಾಂತ ಏಜೆಂಟ್. ಆಸ್ಕರ್ ವೈಲ್ಡ್, ಬರ್ನಾರ್ಡ್ ಷಾ ಅಂಥವರ ವ್ಯವಹಾರ ನೋಡಿಕೊಂಡವಳು. 1892ರಿಂದ ಇಬ್ಬರೂ ನ್ಯೂಯಾರ್ಕಿನ ಅರ್ವಿಂಗ್ ಪ್ಲೇಸ್‌ನ ಮೂಲೆಮನೆಯೊಂದರಲ್ಲಿ ಒಟ್ಟಿಗೆ ಬಾಳಿದರು. ಎಲ್ಸಿಯ ನಿಜವಾದ ಕೆಲಸ ಆರಂಭವಾದದ್ದು ಈ ಮನೆಯಲ್ಲಿ.

ಈ ಮನೆಯ ಊಟದ ಕೋಣೆಯ ಎರಡು ಫೋಟೊಗಳು ಪ್ರಸಿದ್ಧ. ಒಂದು 1896ರದ್ದು, ಇನ್ನೊಂದು 1898ರದ್ದು. ಮೊದಲನೆಯದರಲ್ಲಿ ಗೋಡೆಯ ತುಂಬ ಚಿತ್ತಾರ, ಅದರ ಮೇಲೆ ಸಾಲು ಸಾಲು ಪಿಂಗಾಣಿ ತಟ್ಟೆ, ಕಪ್ಪು ಮರದ ಕುರ್ಚಿಗಳು, ನೆಲದ ಮೇಲೆ ಹೂಬಳ್ಳಿಯ ಜಮಖಾನ. ಕಣ್ಣಿಗೆ ನಿಲ್ಲಲು ಒಂದು ಜಾಗವಿಲ್ಲ. ಅದು ವಿಕ್ಟೋರಿಯನ್ ಕಾಲದ ರೂಢಿ. ಮನೆಯಲ್ಲಿ ಹೆಚ್ಚು ಸಾಮಾನಿದ್ದಷ್ಟೂ ಮನೆತನ ದೊಡ್ಡದು ಎಂಬ ನಂಬಿಕೆ. ಭಾರದ ಪರದೆಗಳು, ಹಿತ್ತಾಳೆ ಸಾಮಾನು, ಕುಂಡದಲ್ಲಿ ತಾಳೆ ಗಿಡ, ದಿಂಬು ರಾಶಿ ಹಾಕಿದ ಒಂದು ಟರ್ಕಿ ಮೂಲೆ, ಎಲ್ಲದರ ಮೇಲೂ ಧೂಳು.

1898ರ ಫೋಟೊ ನೋಡಿದರೆ ಬೇರೆ ಮನೆಯೇ ಅನ್ನಿಸುತ್ತದೆ. ಆದರೆ ಕೋಣೆ ಅದೇ. ತಟ್ಟೆಗಳು ಹೋಗಿವೆ. ಮರಗೆಲಸಕ್ಕೂ ಕುರ್ಚಿಗಳಿಗೂ ತಿಳಿಬಣ್ಣ ಬಳಿದಿದ್ದಾರೆ. ಹೂಬಳ್ಳಿಯ ಜಮಖಾನದ ಜಾಗಕ್ಕೆ ಸಾದಾ ಹಾಸು ಬಂದಿದೆ. ಗೋಡೆಯ ಕನ್ನಡಿ ಬೆಳಕನ್ನು ಒಳಗೆ ಎಸೆಯುತ್ತಿದೆ. ಕೊಂಡು ತಂದು ತುಂಬಿಸಿದ್ದಕ್ಕಿಂತ ತೆಗೆದುಹಾಕಿದ್ದೇ ಹೆಚ್ಚು. ಹಾಗೆ ಖಾಲಿಯಾದ ಮನೆಗೆ ಆಕೆ ಹಳೆಯ ವಸ್ತುಗಳನ್ನು ಒಂದೊಂದಾಗಿ ಕರೆತಂದಳು. ಬೇಸಿಗೆಗಳನ್ನು ಫ್ರಾನ್ಸಿನಲ್ಲಿ ಕಳೆಯುತ್ತಿದ್ದ ಎಲ್ಸಿಗೆ 18ನೇ ಶತಮಾನದ ಫ್ರೆಂಚ್ ಪೀಠೋಪಕರಣಗಳ ಹುಚ್ಚು. ಅದು ಬರೀ ಹಳತಿನ ಮೋಹವಾಗಿರಲಿಲ್ಲ. ಹದಿನಾರನೇ ಲೂಯಿಯ ಕಾಲದ ಕುರ್ಚಿಗಳಿಗೆ ನೇರವಾದ ಸಪೂರ ಕಾಲು, ತಿಳಿಬಣ್ಣ, ಅಳತೆಯ ಮೈಕಟ್ಟು. ಕಿಟಕಿಯ ಬಳಿಗೋ ದೀಪದ ಬಳಿಗೋ ಎಳೆದುಕೊಂಡು ಕೂರಬಹುದು. ಕೂತು ಮಾತಾಡಲು ಮಾಡಿದ ಕುರ್ಚಿಗಳು ಅವು. ತನ್ನ ಕಾಲದ ಹೊಸ ಕುರ್ಚಿಗಳಿಗಿಂತ ನೂರು ವರ್ಷ ಹಳೆಯ ಕುರ್ಚಿಯೇ ಹೆಚ್ಚು ಹಗುರ, ಹೆಚ್ಚು ಉಪಯೋಗಿ ಎಂದು ಆಕೆ ಕಂಡುಕೊಂಡಿದ್ದಳು.

ಮನೆಗೆ ಬಂದುಹೋಗುವ ಗೆಳೆಯರ ಪೈಕಿ ಆ ಕಾಲದ ದೊಡ್ಡ ವಾಸ್ತುಶಿಲ್ಪಿ ಸ್ಟ್ಯಾನ್‌ಫರ್ಡ್ ವೈಟ್ ಒಬ್ಬ. ನ್ಯೂಯಾರ್ಕಿನ ಸಿರಿವಂತ ಮಹಿಳೆಯರು ತಮಗೇ ಒಂದು ಕ್ಲಬ್ ಬೇಕೆಂದು ಮ್ಯಾಡಿಸನ್ ಅವೆನ್ಯೂನಲ್ಲಿ ಕಾಲನಿ ಕ್ಲಬ್ ಕಟ್ಟಿಸುತ್ತಿದ್ದರು. ಕಟ್ಟಡದ ವಿನ್ಯಾಸ ವೈಟ್‌ನದು. ಒಳಾಂಗಣದ ಕೆಲಸ ಎಲ್ಸಿಗೆ ಕೊಡಬೇಕೆಂದು ಮಾರ್ಬರಿಯೂ ಆಕೆಯ ಗೆಳತಿಯರೂ ಪಟ್ಟು ಹಿಡಿದರು. ವೈಟ್ ಬೆನ್ನಿಗೆ ನಿಂತ. 1905ರಲ್ಲಿ ಕೆಲಸ ಕೈಗೆ ಬಂತು. ಎಲ್ಸಿಗೆ ಆಗ 45 ವರ್ಷ. ಕೈಯಲ್ಲಿ ಪದವಿಯಿಲ್ಲ, ಅಂಗಡಿಯಿಲ್ಲ, ಸಂಬಳಕ್ಕೆ ಈ ಕೆಲಸ ಮಾಡಿದ ಅನುಭವವಿಲ್ಲ. ಹೆಂಗಸೊಬ್ಬಳು ಹಣ ಪಡೆದು ಇನ್ನೊಬ್ಬರ ಮನೆ ಸಿಂಗರಿಸುವುದು ಒಂದು ವೃತ್ತಿ ಎಂದು ಒಪ್ಪಿದವರೂ ಕಡಿಮೆ. ಪಂಜದಲ್ಲಿ ಹೂ ಹಿಡಿದ ಪುಟ್ಟ ತೋಳವನ್ನು ತನ್ನ ಗುರುತಾಗಿ ಮಾಡಿಕೊಂಡು ಆಕೆ ವ್ಯವಹಾರಕ್ಕೆ ಇಳಿದೇಬಿಟ್ಟಳು.

1906ರಲ್ಲಿ ವೈಟ್ ಕೊಲೆಯಾದ. ಕೆಲಸ ನಿಲ್ಲಲಿಲ್ಲ. 1907ರಲ್ಲಿ ಕ್ಲಬ್ ತೆರೆದಾಗ, ಗಂಡಸರ ಕ್ಲಬ್ಬುಗಳ ಕಪ್ಪು ಮರ, ಚರ್ಮದ ಸೋಫಾ ನಿರೀಕ್ಷಿಸಿ ಬಂದವರು ಬೆರಗಾದರು. ಒಂದು ಕೋಣೆಯ ಗೋಡೆಗಳಿಗೆಲ್ಲ ತೋಟದ ಬಳ್ಳಿ ಹಬ್ಬಿಸುವಂಥ ಹಸಿರು ಜಾಲರಿ, ನಡುವೆ ನೀರಿನ ಬುಗ್ಗೆ, ಬೆತ್ತದ ಕುರ್ಚಿಗಳು. ಮಲಗುವ ಕೋಣೆಗಳಲ್ಲಿ ಹೂವಿನ ಅಚ್ಚಿನ ಚಿಂಟ್ಸ್ ಬಟ್ಟೆ. ಚಿಂಟ್ಸ್ ಎಂದರೆ ಬೇರೇನಲ್ಲ, ನಮ್ಮ ಹಿರಿಯರ ಬಾಯಲ್ಲಿದ್ದ ಚೀಟಿ ಬಟ್ಟೆ. ಭಾರತದಿಂದ ಯುರೋಪಿಗೆ ಹೋದ ಹತ್ತಿ ಬಟ್ಟೆ, ಹೋಗುವಾಗ ಹೆಸರನ್ನೂ ಕೊಂಡೊಯ್ದಿತ್ತು. ಹಳ್ಳಿಮನೆಗೆ ಮಾತ್ರ ಸರಿ ಎಂದುಕೊಂಡಿದ್ದ ಈ ಅಗ್ಗದ ಬಟ್ಟೆಯನ್ನು ಎಲ್ಸಿ ಬೆಲೆಬಾಳುವ ಹಳೆಯ ಪೀಠೋಪಕರಣಗಳ ಪಕ್ಕದಲ್ಲಿ ತಂದು ಕೂರಿಸಿದಳು. ಅಲ್ಲಿಂದ ಆಕೆಗೆ ಕೆಲಸದ ಕೊರತೆ ಬರಲಿಲ್ಲ.

ತನ್ನ ಬರಹಗಳನ್ನೆಲ್ಲ ಸೇರಿಸಿ 1913ರಲ್ಲಿ ಪುಸ್ತಕ ತಂದಳು. ಅದನ್ನು ಅಕ್ಷರಕ್ಕಿಳಿಸಿದ ರೂಬಿ ರಾಸ್ ಗುಡ್‌ನೋ ಎಂಬಾಕೆ ಮುಂದೆ ತಾನೇ ಹೆಸರಾಂತ ವಿನ್ಯಾಸಕಿಯಾದದ್ದು ಇನ್ನೊಂದು ಕಥೆ. ಆ ಪುಸ್ತಕವನ್ನು ಮೊಬೈಲಿನಲ್ಲಿ ಇಳಿಸಿಕೊಂಡಿದ್ದೆ. ಜಗಲಿಯಲ್ಲಿ ಕೂತು ಮತ್ತೆ ತೆರೆದೆ. ಎಲ್ಸಿ ಪದೇ ಪದೇ ಒತ್ತಿ ಹೇಳುವುದು ಮೂರನ್ನೇ. ವಸ್ತು ಅಲ್ಲಿ ಬದುಕುವವರಿಗೆ ಹೊಂದಬೇಕು. ಸರಳವಾಗಿರಬೇಕು. ಕೋಣೆಯ ಅಳತೆಗೆ ತಕ್ಕದ್ದಾಗಿರಬೇಕು. ಹಳತು ಎಂಬ ಒಂದೇ ಕಾರಣಕ್ಕೆ ಏನನ್ನೂ ಇಟ್ಟುಕೊಳ್ಳಬಾರದು. ಅಸಲಿ ಕೊಳ್ಳಲು ಹಣವಿಲ್ಲದವರು ಚೆನ್ನಾಗಿ ಮಾಡಿದ ನಕಲನ್ನು ತರುವುದರಲ್ಲಿ ತಪ್ಪಿಲ್ಲ ಎಂಬುದೂ ಆಕೆಯ ನಿಲುವು. ಹಳೆಯ ಹೂದಾನಿ ಸುಮ್ಮನೆ ಕೂರಬಾರದು, ವಿದ್ಯುದ್ದೀಪದ ಕಂಬವಾಗಿ ದುಡಿಯಬೇಕು. ಕುರ್ಚಿಯ ಕೈಗೆಟಕುವಷ್ಟರಲ್ಲಿ ಮೇಜಿರಬೇಕು, ಮೇಜಿನ ಬಳಿ ಬೆಳಕಿರಬೇಕು. ನಮ್ಮ ಕ್ಲಾಸಿನಲ್ಲಿ ಸ್ಲೈಡ್ ಹಾಕಿ ಕಲಿಸಿದ ಎಷ್ಟೋ ಮಾತುಗಳ ಬೇರು ಇಲ್ಲಿದೆ.

ಆಕೆಯನ್ನು ನಿಜಕ್ಕೂ ಶ್ರೀಮಂತಳನ್ನಾಗಿ ಮಾಡಿದ್ದು ಉಕ್ಕಿನ ದೊರೆ ಹೆನ್ರಿ ಕ್ಲೇ ಫ್ರಿಕ್. ನ್ಯೂಯಾರ್ಕಿನ ಐದನೇ ಅವೆನ್ಯೂನಲ್ಲಿ ಆತ ಕಟ್ಟಿಸಿದ ಅರಮನೆಯಂಥ ಮನೆಯಲ್ಲಿ, ಕುಟುಂಬದವರು ವಾಸಿಸುವ ಮೇಲಿನ ಮಹಡಿಯ ಕೋಣೆಗಳ ಕೆಲಸ ಎಲ್ಸಿಗೆ ಬಂತು. ಕೊಂಡ ವಸ್ತುಗಳ ಬೆಲೆಯ ಮೇಲೆ ಆಕೆಗೆ ಕಮಿಷನ್. ಪ್ಯಾರಿಸಿನಲ್ಲಿ ಅಪರೂಪದ ಹಳೆಯ ಪೀಠೋಪಕರಣಗಳ ಸಂಗ್ರಹವೊಂದು ಮಾರಾಟಕ್ಕಿರುವುದು ತಿಳಿದು ಫ್ರಿಕ್‌ನನ್ನು ಕರೆದೊಯ್ದಳು. ಗಾಲ್ಫ್ ಆಟಕ್ಕೆ ಹೊತ್ತಾಯಿತೆಂದು ಅವಸರದಲ್ಲಿದ್ದ ಆತ, ಆಕೆ ತೋರಿಸಿದ್ದನ್ನೆಲ್ಲ ಸುಮಾರು ಅರ್ಧ ಗಂಟೆಯಲ್ಲಿ ಕೊಂಡು ಹೊರಟನಂತೆ. ಆ ಅರ್ಧ ಗಂಟೆ ತನ್ನನ್ನು ಹಣವಂತಳನ್ನಾಗಿ ಮಾಡಿತು ಎಂದು ಆಕೆ ಆತ್ಮಕತೆಯಲ್ಲಿ ಹೇಳಿಕೊಂಡಿದ್ದಾಳೆ. ಅದೃಷ್ಟ ಎನ್ನಬಹುದು. ಆದರೆ ಆ ಅರ್ಧ ಗಂಟೆಯಲ್ಲಿ ಯಾವುದರತ್ತ ಬೆರಳು ತೋರಿಸಬೇಕೆಂದು ತಿಳಿಯಲು ಆಕೆಗೆ ಇಪ್ಪತ್ತು ವರ್ಷ ಹಿಡಿದಿತ್ತು. ಆ ಮನೆ ಈಗ ಫ್ರಿಕ್ ಕಲೆಕ್ಷನ್ ಎಂಬ ಮ್ಯೂಸಿಯಂ. 2025ರಲ್ಲಿ ಮೇಲಿನ ಮಹಡಿಯೂ ಸಾರ್ವಜನಿಕರಿಗೆ ತೆರೆಯಿತು.

ಅಷ್ಟೊತ್ತಿಗೆ ಎಲ್ಸಿ, ಮಾರ್ಬರಿ ಸೇರಿ ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ತೋಟಕ್ಕೆ ಹೊಂದಿಕೊಂಡಿದ್ದ ವಿಲ್ಲಾ ಟ್ರಿಯಾನನ್ ಎಂಬ ಪಾಳು ಮನೆಯನ್ನು ಕೊಂಡು ದುರಸ್ತಿ ಮಾಡಿಸಿದ್ದರು. ಮೊದಲ ಮಹಾಯುದ್ಧ ಬಂದಾಗ, ಹೂದಾನಿ ಜೋಡಿಸುತ್ತಿದ್ದ ಇದೇ ಹೆಂಗಸು ಸುಟ್ಟ ಗಾಯಗಳ ಸೈನಿಕರ ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿದಳು. ಗಾಯದ ಮೇಲೆ ಮೇಣದ ಪದರ ಹಚ್ಚುವ ಚಿಕಿತ್ಸೆ ಅದು. ಆಗ ಆಕೆಗೆ ಐವತ್ತೈದು ದಾಟಿತ್ತು. ಫ್ರಾನ್ಸ್ ಸರ್ಕಾರ ಕ್ರೋಯಿ ದ ಗೇರ್ ಮತ್ತು ಲೀಜನ್ ಆಫ್ ಆನರ್ ಗೌರವಗಳನ್ನು ಕೊಟ್ಟಿತು.

ಆಕೆಯ ಬದುಕಿನಲ್ಲಿ ನನಗೆ ಹಿಡಿಸದ್ದೂ ಇದೆ. 1926ರಲ್ಲಿ ಬ್ರಿಟಿಷ್ ರಾಯಭಾರ ಕಚೇರಿಯ ಸರ್ ಚಾರ್ಲ್ಸ್ ಮೆಂಡ್ಲ್‌ನನ್ನು ಮದುವೆಯಾಗಿ ಲೇಡಿ ಮೆಂಡ್ಲ್ ಆದಳು. ಮೂರು ದಶಕ ಜೊತೆಗಿದ್ದ ಮಾರ್ಬರಿಗೆ ಅದು ದೊಡ್ಡ ಆಘಾತವಾಯಿತು. ಆಕೆಯ ಗ್ರಾಹಕರು ಹೆಚ್ಚಾಗಿ ಕೋಟ್ಯಧೀಶರು. ಹಳೆಯ ಮರಕ್ಕೆ ಬಣ್ಣ ಬಳಿಯಲು ಆಕೆಯ ಕೈ ಹಿಂಜರಿಯುತ್ತಿರಲಿಲ್ಲ. ಬೀಟೆಮರಕ್ಕೆ ಬಿಳಿ ಬಣ್ಣ ಎಂದರೆ ನಮ್ಮ ಅಜ್ಜಿ ಇದ್ದಿದ್ದರೆ ಪೊರಕೆ ಹಿಡಿದು ಬರುತ್ತಿದ್ದರು. ಇಂದಿನ ಸಂರಕ್ಷಣಾ ತಜ್ಞರೂ ಅದನ್ನು ಒಪ್ಪುವುದಿಲ್ಲ, ಹಳೆಯ ಮೆರುಗೇ ವಸ್ತುವಿನ ಅರ್ಧ ಬೆಲೆ ಎನ್ನುತ್ತಾರೆ. ಗುರು ಎಂದುಕೊಂಡವರ ಎಲ್ಲವನ್ನೂ ನಕಲು ಮಾಡಬೇಕಿಲ್ಲ ಎಂಬುದಕ್ಕೆ ಇದು ನನ್ನ ಪಾಠ.

ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸ್ ಬಿಟ್ಟು ಅಮೆರಿಕಕ್ಕೆ ಮರಳಬೇಕಾಯಿತು. ವಿಲ್ಲಾ ಜರ್ಮನ್ನರ ಕೈ ಸೇರಿತು. ಎಂಬತ್ತು ದಾಟಿದ್ದ ಎಲ್ಸಿ ಕ್ಯಾಲಿಫೋರ್ನಿಯಾದ ಬೆವರ್ಲಿ ಹಿಲ್ಸ್‌ನಲ್ಲಿ ಮತ್ತೊಂದು ಮನೆ ಕೊಂಡು ಮತ್ತೆ ಮೊದಲಿನಿಂದ ಸಜ್ಜು ಮಾಡಿದಳು. ಯುದ್ಧ ಮುಗಿದ ಮೇಲೆ ವರ್ಸೇಲ್ಸ್‌ಗೆ ಹಿಂತಿರುಗಿ ಹಾಳಾಗಿದ್ದ ವಿಲ್ಲಾವನ್ನು ಮತ್ತೆ ನೇರ್ಪು ಮಾಡಿಸಿದಳು. 1950ರ ಜುಲೈ 12ರಂದು ಅಲ್ಲೇ ತೀರಿಕೊಂಡಳು. ಆಕೆಗೆ ಹೆಸರು ತಂದ ಕಾಲನಿ ಕ್ಲಬ್ಬಿನ ಆ ಹಳೆಯ ಕಟ್ಟಡದಲ್ಲಿ ಈಗ ನಟನೆ ಕಲಿಸುವ ಅಮೆರಿಕನ್ ಅಕಾಡೆಮಿ ಆಫ್ ಡ್ರಮ್ಯಾಟಿಕ್ ಆರ್ಟ್ಸ್ ನಡೆಯುತ್ತಿದೆ. ನಟಿಯಾಗಿ ಸೋತವಳು ಸಿಂಗರಿಸಿದ ಕಟ್ಟಡದಲ್ಲಿ ಇಂದು ಹುಡುಗ ಹುಡುಗಿಯರು ಸಂಭಾಷಣೆ ಒಪ್ಪಿಸುತ್ತಾರೆ.

ಮರುದಿನ ಬೆಳಿಗ್ಗೆ ನನ್ನ ಪಟ್ಟಿಯನ್ನು ಹರಿದು ಹಾಕಿದೆ. ಆಂಟಿಕ್, ವಿಂಟೇಜ್ ಎಂಬ ಕಾಲಂಗಳ ಬದಲು ಮೂರು ಪ್ರಶ್ನೆ ಬರೆದೆ. ನಮ್ಮ ಮನೆಯಲ್ಲಿ ಇದನ್ನು ದಿನಾ ಯಾರು ಬಳಸುತ್ತಾರೆ? ಎಲ್ಲಿ ಇಡುತ್ತೇವೆ? ಅಲ್ಲಿ ಇಟ್ಟರೆ ಓಡಾಡಲು ಜಾಗ ಉಳಿಯುತ್ತದೆಯೇ? ಒಂದೊಂದೇ ಸಾಮಾನಿನ ಮುಂದೆ ನಿಂತು ಉತ್ತರ ಹುಡುಕುವುದು ಸುಲಭವಿರಲಿಲ್ಲ. ಚೆನ್ನೆಮಣೆಯ ಮುಂದೆ ಅತ್ತೆ ಅತ್ತರು, ಅದು ಅವರ ಚೀಲ ಸೇರಿತು. ಮಂಚವನ್ನು ಬಿಚ್ಚಿ ದೊಡ್ಡಪ್ಪನ ಮನೆಗೆ ಸಾಗಿಸಿದರು. 43ರಲ್ಲಿ ನಾನು ಶಿವಮೊಗ್ಗಕ್ಕೆ ತಂದದ್ದು ಮೂರು. ಆರಾಮಕುರ್ಚಿಗೆ ಬೆತ್ತ ಹೊಸದಾಗಿ ಹೆಣೆಸಿದೆ, ಸೊಂಟನೋವಿನ ಅಮ್ಮ ಈಗ ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಕನ್ನಡಿಯನ್ನು ಕಿಟಕಿಯ ಎದುರು ಗೋಡೆಗೆ ಹಾಕಿದೆ, ಹಗಲಲ್ಲೂ ಲೈಟ್ ಹಾಕುತ್ತಿದ್ದ ನಮ್ಮ ಹಾಲ್‌ಗೆ ಬೆಳಕು ಬಂತು. ಪೆಟ್ಟಿಗೆಯೊಳಗೆ ಹೊದಿಕೆಗಳು, ಮೇಲೆ ಅಪ್ಪನ ಪೇಪರ್ ಮತ್ತು ಕಾಫಿ ಲೋಟ.

ಒಂದು ತಪ್ಪು ಮಾಡಿದೆ. ಅಜ್ಜನ ಬರೆಯುವ ಮೇಜು. ಅದನ್ನು ದಿನಾ ಬಳಸುವವಳು ನಾನೇ ಆಗಿದ್ದೆ. ಆದರೆ ನಮ್ಮ ಮನೆಗೆ ಅದು ದೊಡ್ಡದಾಯಿತು ಎಂದು ಕಣ್ಣಳತೆಯಲ್ಲೇ ತೀರ್ಮಾನಿಸಿ ಲಾರಿಗೆ ಬಿಟ್ಟೆ. ಮನೆಗೆ ಬಂದು ಕಿಟಕಿ ಪಕ್ಕದ ಗೋಡೆಗೆ ಟೇಪ್ ಹಿಡಿದರೆ ನಾಲ್ಕೂಮುಕ್ಕಾಲು ಅಡಿ. ಮೇಜಿನ ಅಳತೆ ಕೇಳಿ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಅಜ್ಜ ಅದನ್ನು ಮಾಡಿಸಿದಾಗ ಜೊತೆಗಿದ್ದವರು ಅವರು. ನಾಲ್ಕೂವರೆ ಅಡಿ ಎಂದರು. ಗುಜರಿಯವನನ್ನು ಹುಡುಕಿ ಫೋನ್ ಮಾಡುವ ಹೊತ್ತಿಗೆ ಅದು ಎಲ್ಲಿಗೋ ಹೋಗಿಯಾಗಿತ್ತು.

ಈ ವರ್ಷ ಆರನೇ ಇಂಟರ್‌ವ್ಯೂನಲ್ಲಿ ಮತ್ತೆ ಅದೇ ಪ್ರಶ್ನೆ ಬಂತು. ಪರಂಪರೆಯ ಮಾತು ಎತ್ತಲಿಲ್ಲ. ಮೊದಲು ಕೋಣೆ ಖಾಲಿ ಮಾಡಿಸುತ್ತೇನೆ, ಆ ಮನೆಯವರು ದಿನವಿಡೀ ಏನು ಮಾಡುತ್ತಾರೆಂದು ಕೇಳುತ್ತೇನೆ, ಎಲ್ಲವನ್ನೂ ಟೇಪ್ ಹಿಡಿದು ಅಳೆಯುತ್ತೇನೆ, ಆಮೇಲೆ ಆರಿಸುತ್ತೇನೆ ಎಂದೆ. ಮೇಜಿನ ಕಥೆಯನ್ನೂ ಹೇಳಿದೆ. ಆರು ತಿಂಗಳ ಟ್ರೈನಿ ಕೆಲಸ ಸಿಕ್ಕಿದೆ. ಸಂಬಳ ಪಿ.ಜಿ. ಬಾಡಿಗೆಗೂ ಬಸ್ಸಿಗೂ ಸರಿಹೋಗುತ್ತದೆ. ಬ್ಯಾಗಿನಲ್ಲಿ ಐದು ಮೀಟರಿನ ಟೇಪ್ ಸದಾ ಇರುತ್ತದೆ. ಸೈಟಿನಲ್ಲಿ ಯಾರದ್ದಾದರೂ ಅಜ್ಜನ ಮೇಜು ಕಂಡರೆ, ಮಾತಿಗೆ ಮುಂಚೆ ಅದನ್ನು ಹೊರತೆಗೆಯುತ್ತೇನೆ.